ಹದಿನೇಳನೇ ತಟ್ಟೆಯ ಚರಿತ್ರೆಯಲ್ಲಿ ನನ್ನ ಪಾತ್ರ

ನಮ್ಮ ಮನೆಯಲ್ಲಿ ನನ್ನದು ಇನ್ನೂರ ಹದಿಮೂರನೆಯ ಸ್ಥಾನ. ಮೊದಲ ಇನ್ನೂರ ಹನ್ನೆರಡು ಸ್ಥಾನಗಳನ್ನು ಊಟದ ಕೋಣೆಯ ಗಾಜಿನ ಬೀರುಗಳಲ್ಲಿರುವ ಪಿಂಗಾಣಿ ತಟ್ಟೆ, ಚಹಾ ಕಪ್ಪು, ಬೆಳ್ಳಿ ಚಮಚ, ಟೋಪಿಯ ಸೂಜಿ ಮೊದಲಾದ ಗಣ್ಯರು ಆಕ್ರಮಿಸಿಕೊಂಡಿದ್ದಾರೆ. ಇವರಲ್ಲಿ ಒಬ್ಬರಿಗೂ ಬಾಯಿಲ್ಲ. ಆದರೂ ನನ್ನ ಹೆಂಡತಿ ವರ್ಲೀನ್ ನನ್ನೊಡನೆ ಆಡುವುದಕ್ಕಿಂತ ಹೆಚ್ಚು ಮಾತು ಅವರೊಡನೆ ಆಡುತ್ತಾಳೆ. (ಬಾಯಿಲ್ಲದ್ದೇ ಕಾರಣ ಎಂದು ಅವಳೇ ಒಮ್ಮೆ ವಿವರಿಸಿದ್ದಾಳೆ.) ಊಟದ ಕೋಣೆ ಅವರ ಪಾಲಾದ್ದರಿಂದ ನಾವಿಬ್ಬರೂ ಅಡುಗೆಮನೆಯಲ್ಲಿ ಮೆಲಮೈನ್ ಪ್ಲಾಸ್ಟಿಕ್ ತಟ್ಟೆಯಲ್ಲಿ ಉಣ್ಣುತ್ತೇವೆ.

ಇದಕ್ಕೆಲ್ಲ ಮೂಲ ಸೈ ಓಮಿಕ್ರಾನ್ ಟೌ. ಅದು ವರ್ಲೀನ್ ಕಾಲೇಜಿನಲ್ಲಿ ಸೇರಿದ್ದ ಸೋದರಿ ಸಂಘದ ಹೆಸರು. ಕಾಲೇಜು ನಾಲ್ಕು ವರ್ಷಕ್ಕೆ ಮುಗಿಯಿತು. ಸೋದರಿತನ ಮುಗಿಯುವ ಜಾತಿಯದಲ್ಲ. 1878ರಲ್ಲಿ ಇಂಡಿಯಾನದ ಇದೇ ನಮ್ಮ ಹಾರ್ಲನ್‌ಬರ್ಗ್ ಊರಿನಲ್ಲಿ, ಒಂದು ಮನೆಯ ಅಟ್ಟದ ಮೇಲೆ, ಐವರು ಹುಡುಗಿಯರು ಒಂದೇ ಮೇಣದಬತ್ತಿಯ ಸುತ್ತ ಕೂತು ಕಟ್ಟಿದ ಸಂಘ ಅದು. ಈಗ ದೇಶದ ಮೂಲೆ ಮೂಲೆಯಲ್ಲೂ ಅದರ ಸೋದರಿಯರಿದ್ದಾರೆ. ಆ ಮೂರು ಗ್ರೀಕ್ ಅಕ್ಷರಗಳ ಅರ್ಥ ಪರಮ ಗುಟ್ಟು. ಮೂವತ್ತೊಂದು ವರ್ಷ ಒಂದೇ ಹಾಸಿಗೆ ಹಂಚಿಕೊಂಡರೂ ವರ್ಲೀನ್ ನನಗೆ ಹೇಳಿಲ್ಲ; ಹಲ್ಲು ಕೀಳಿಸಿಕೊಂಡು ಅರೆಪ್ರಜ್ಞೆಯಲ್ಲಿ ಬಡಬಡಿಸಿದಾಗಲೂ ಹೇಳಲಿಲ್ಲ. (ನಾನು ಪಕ್ಕದಲ್ಲೇ ಕಾಗದ ಪೆನ್ನು ಹಿಡಿದು ಕೂತಿದ್ದೆ.)

ಸಂಘದ ಚರಿತ್ರಾ ಸಂಗ್ರಹಕ್ಕೆ ವರ್ಲೀನ್ ಪಾಲಕಿ. ನಾನು ಪಾಲಕಿಯ ಪಲ್ಲಕ್ಕಿ ಹೊರುವವನು. ಬೀರುಗಳನ್ನು ಮಾಡಿದವನು ನಾನು, ಗಾಜು ಕೂರಿಸಿದವನು ನಾನು, ಎಡಗೈ ಹೆಬ್ಬೆರಳನ್ನು ಅದರ ಬಾಗಿಲಿಗೆ ಅರ್ಪಿಸಿದವನೂ ನಾನು. ಆದರೆ ಸಂಗ್ರಹದ ದೊಡ್ಡ ದಫ್ತರದಲ್ಲಿ ಗಂಡಸರ ಹೆಸರು ಬರೆಯಕೂಡದೆಂಬುದು ಸ್ಥಾಪಕಿಯರ ಕಟ್ಟಪ್ಪಣೆ. ನನ್ನ ಮೂವತ್ತೊಂದು ವರ್ಷಗಳ ಸೇವೆ ಅದರಲ್ಲಿ ಹೀಗೆ ದಾಖಲಾಗಿದೆ: 'ಬೀರುಗಳು ಮೂರು. ದೊರೆತವು.' ಮೊದಲ ಸ್ಥಾಪಕಿ ಅಲ್ಮೈರಾಳ ಕ್ಯಾನರಿ ಹಕ್ಕಿಗೆ ಅದೇ ದಫ್ತರದಲ್ಲಿ ಅರ್ಧ ಪುಟ ಮೀಸಲು. ಹೆಣ್ಣು ಹಕ್ಕಿಯಂತೆ, ವಿಚಾರಿಸಿದ್ದೇನೆ.

ನಾನು ಡೆಲ್ಬರ್ಟ್ ಹಾಸ್ಕಿನ್ಸ್. ಮೂವತ್ತೈದು ವರ್ಷ ಮೆಕ್ಕೆಜೋಳದ ಬೀಜ ಮಾರಿದವನು. ನಮ್ಮ ಕಂಪನಿಯ ಬೀಜ ಬಿತ್ತಿದ ಕೂಡಲೇ ಹಿಂದಕ್ಕೆ ನೆಗೆಯಬೇಕು, ಇಲ್ಲವಾದರೆ ಏಳುವ ತೆನೆ ಗದ್ದಕ್ಕೆ ಬಡಿಯುತ್ತದೆ ಎಂದು ಹೇಳಿ ಮಾರಿದವನು. ಆದ್ದರಿಂದ ನನ್ನ ಮಾತಿನಲ್ಲಿ ರೂಪಾಯಿಗೆ ನಾಲ್ಕಾಣೆ ಕಳೆದು ಕೇಳುವುದು ಕ್ಷೇಮ. ಆದರೆ ಈಗ ಹೇಳುವ ಒಂದು ಸಂಗತಿಯಲ್ಲಿ ಒಂದು ಕಾಸೂ ಕಳೆಯಬೇಡಿ.

ಸಂಗ್ರಹದ ಕಿರೀಟವೆಂದರೆ 1928ರ ಸುವರ್ಣೋತ್ಸವದ ತಟ್ಟೆಗಳು. ಅಂಚಿಗೆ ಬಂಗಾರದ ಗೆರೆ, ನಡುವೆ ನೀಲಿ ಬಣ್ಣದಲ್ಲಿ ಆ ಅಟ್ಟದ ಮನೆಯ ಚಿತ್ರ: ಮೂರು ಕಂಬ, ಐದು ಮೆಟ್ಟಿಲು. ಮಾಡಿಸಿದ್ದು ಇಪ್ಪತ್ತೈದು ಎಂದು ದಫ್ತರ ಹೇಳುತ್ತದೆ, ಇರುವುದು ಇಪ್ಪತ್ತನಾಲ್ಕು. ಇನ್ನೊಂದು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು, ವರ್ಲೀನ್ ಅದನ್ನು ಹುಡುಕದ ಅಟ್ಟವಿಲ್ಲ, ಬರೆಯದ ಕಾಗದವಿಲ್ಲ. ಉಳಿದ ಇಪ್ಪತ್ತನಾಲ್ಕನ್ನು ಅವಳು ಸದ್ದಿನಿಂದಲೇ ಗುರುತಿಸುತ್ತಾಳೆ. ಉಗುರಿನಿಂದ ಒಂದೇ ಏಟು, 'ಟಿಂಗ್' ಎಂದರೆ ಒಂಬತ್ತು, 'ಟೀಂಗ್' ಎಂದರೆ ಇಪ್ಪತ್ತೊಂದು. ನನಗೆ ನಂಬಿಕೆ ಬರದೆ ಒಮ್ಮೆ ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ತಟ್ಟೆಗಳನ್ನು ಕಲಸಿ ಪರೀಕ್ಷಿಸಿದೆ. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು! ಇಪ್ಪತ್ತೈದನೆಯದಾಗಿ ನನ್ನ ಬೋಳುತಲೆಗೆ ಒಂದು ಏಟು ಹಾಕಿ, "ಇದು ಟೊಳ್ಳು" ಎಂದಳು.

ಹೀಗಿರುವಾಗ, ಸಂಘದ ನೂರನೇ ವರ್ಷದ ಅಕ್ಟೋಬರಿನಲ್ಲಿ ಒಂದು ಕಾಗದ ಬಂತು. ಓದಿದ ವರ್ಲೀನ್ ಅಡುಗೆಮನೆಯ ಕುರ್ಚಿಯ ಮೇಲೆ ಕೂತುಬಿಟ್ಟಳು.

"ರೀ, ತಗೊಂಡು ಹೋಗಿಬಿಡ್ತಾರೆ."

"ಯಾರು? ಯಾರನ್ನ?"

"ಕೇಂದ್ರ ಕಚೇರಿಯವ್ರು. ನಮ್ಮ ತಟ್ಟೆ, ಕಪ್ಪು, ಎಲ್ಲಾನೂ. ಶನಿವಾರ ಹನ್ನೊಂದು ಗಂಟೆಗೆ ಒಬ್ರು ಬಂದು ನೋಡ್ತಾರಂತೆ. ಮನೇಲಿಡೋದು ಕ್ಷೇಮ ಅಲ್ಲ ಅನ್ನಿಸಿದ್ರೆ ಅವರ ಉಕ್ಕಿನ ಕೋಣೆಗೆ ಸಾಗಿಸ್ತಾರಂತೆ."

"ಹೋದ್ರೆ ಹೋಗ್ಲಿ ಬಿಡೇ. ಒಂದು ಸಲ ಊಟದ ಕೋಣೇಲಿ ಕೂತು ಊಟ ಮಾಡೋಣ."

ಅವಳು ಬೈಯಲಿಲ್ಲ. ಅದೇ ನನಗೆ ಗಾಬರಿ ಹುಟ್ಟಿಸಿದ್ದು. ಮೂವತ್ತೊಂದು ವರ್ಷದಲ್ಲಿ ನನ್ನ ತಮಾಷೆಗೆ ಅವಳು ಉತ್ತರ ಕೊಡದೆ ಬಿಟ್ಟದ್ದು ಎರಡೇ ಸಲ. ಇನ್ನೊಂದು ಅವಳ ತಾಯಿ ತೀರಿಕೊಂಡ ದಿನ. ಅವಳು ಕಾಗದವನ್ನು ಮಡಿಸಿ ಮಡಿಸಿ ಅಂಚೆಚೀಟಿಯಷ್ಟು ಚಿಕ್ಕದು ಮಾಡಿ, "ಮಕ್ಕಳಂತೂ ಆಗ್ಲಿಲ್ಲ. ಇವನ್ನಾದ್ರೂ ಒಡೀದೆ ಬೆಳೆಸಿದೀನಿ ಅಂದ್ಕೊಂಡಿದ್ದೆ" ಎಂದಳು.

ಆ ಕ್ಷಣವೇ ನಾನು ಮನಸ್ಸಿನಲ್ಲಿ ಕಂಕಣ ಕಟ್ಟಿದೆ. ಈ ಮನೆಯಿಂದ ಒಂದು ಚಮಚವೂ ಹೊರಗೆ ಹೋಗಕೂಡದು! (ಹೋದದ್ದು ಚಮಚವಲ್ಲ ಎಂಬುದು ನಿಜ. ಅದಕ್ಕೆ ಬರುತ್ತೇನೆ.)

ಅವಳು ಮಡಿಸಿದ ಕಾಗದವನ್ನು ಬಿಡಿಸಿ ಓದಿದೆ. ಅದರಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: 'ಪ್ರತಿಯೊಂದು ವಸ್ತುವಿಗೂ ಗುರುತು ಇರತಕ್ಕದ್ದು.' ಸುವರ್ಣೋತ್ಸವದ ತಟ್ಟೆಗಳಿಗೆ ಗುರುತೇ ಇರಲಿಲ್ಲ. ಅವುಗಳ ಗುರುತೆಲ್ಲ ವರ್ಲೀನಳ ಕಿವಿಯಲ್ಲಿತ್ತು. ನನ್ನ ತಲೆಯಲ್ಲಿ ದೀಪ ಹತ್ತಿತು. ತಟ್ಟೆಗೆ ಗುರುತು ಹಾಕುವ ವಿದ್ಯೆಯಲ್ಲಿ ನಮ್ಮ ಊರನ್ನು ಮೀರಿಸುವವರುಂಟೆ? ಯಾರಾದರೂ ಸತ್ತರೆ, ಹೆತ್ತರೆ, ಕಾಲು ಮುರಿದುಕೊಂಡರೆ, ಊರಿನ ಹೆಂಗಸರೆಲ್ಲ ಆ ಮನೆಗೆ ಊಟ ಹೊರುತ್ತಾರೆ. ತಟ್ಟೆ ತಪ್ಪದೆ ಹಿಂತಿರುಗಲೆಂದು ಪ್ರತಿಯೊಂದರ ತಳಕ್ಕೂ ಕಾಗದದ ಅಂಟುಪಟ್ಟಿ, ಅದರ ಮೇಲೆ ಮನೆತನದ ಹೆಸರು. ನಮ್ಮಲ್ಲಿ ಮಗುವಿಗೆ ಹೆಸರಿಡುವುದು ತಡವಾದೀತು, ಬೋಗುಣಿಗೆ ತಡವಾಗದು.

ಶನಿವಾರ ಬೆಳಿಗ್ಗೆ ವರ್ಲೀನ್ ಕೂದಲು ಸುರುಳಿ ಮಾಡಿಸಿಕೊಳ್ಳಲು ಹೋದಳು. ನಾನು ಕ್ಲೈಡನ ಹಾರ್ಡ್‌ವೇರ್ ಅಂಗಡಿಗೆ ಓಡಿದೆ.

"ಅಂಟುಪಟ್ಟಿನಾ? ಎಮ್ಮೆಟ್‌ಗೋಸ್ಕರ ತಾನೆ?" ಎಂದ ಕ್ಲೈಡ್. ರೈತ ಎಮ್ಮೆಟ್ ಬುಧವಾರ ತೀರಿಕೊಂಡಿದ್ದ; ಆ ದಿನವೇ ಹತ್ತು ಗಂಟೆಗೆ ಅಂತ್ಯಕ್ರಿಯೆ, ನಂತರ ಚರ್ಚಿನ ನೆಲಮಾಳಿಗೆಯಲ್ಲಿ ಊಟ. "ಒಂದೇ ಸುರುಳಿ ಉಳಿದಿರೋದು ಕಣಯ್ಯ. ಒಳ್ಳೆ ಮನುಷ್ಯ ಸತ್ರೆ ಅಂಟುಪಟ್ಟಿ ಖಾಲಿಯಾಗುತ್ತೆ. ನೀನು ಸತ್ರೆ ಅರ್ಧ ಸುರುಳಿ ಸಾಕು ಬಿಡು."

ಮನೆಗೆ ಬಂದು ಇಪ್ಪತ್ತನಾಲ್ಕು ತಟ್ಟೆಗಳನ್ನೂ ಅಡುಗೆಮನೆಯ ಮೇಜಿಗೆ ತಂದೆ. ಒಂದೊಂದರ ತಳಕ್ಕೂ ಪಟ್ಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ ಬರೆದೆ. ಏನು ಬರೆದೆ ಎಂದರೆ, ನಂಬರು ಬರೆಯಬೇಕೆಂದೇ ಕೂತವನು, ಆದರೆ ಎಪ್ಪತ್ತು ವರ್ಷದ ಅಭ್ಯಾಸ ಕೈಯಲ್ಲಿತ್ತು. ಇಪ್ಪತ್ತನಾಲ್ಕು ಸಲ 'ಹಾಸ್ಕಿನ್ಸ್' ಎಂದು ಬರೆದು ಮುಗಿಸಿದ ಮೇಲೆಯೇ ನೋಡಿದ್ದು. ಪಟ್ಟಿ ಮುಗಿದಿತ್ತು. ಪರವಾಗಿಲ್ಲ, ಹಾಸ್ಕಿನ್ಸ್ ಮನೆಯಲ್ಲಿದೆ, ಹಾಸ್ಕಿನ್ಸ್ ಎಂದಿದೆ, ಇದರಲ್ಲಿ ಸುಳ್ಳೇನು ಎಂದು ಸಮಾಧಾನಪಟ್ಟೆ. ಅಂಟು ಚೆನ್ನಾಗಿ ಕೂರಲೆಂದು ತಟ್ಟೆಗಳನ್ನು ಬೋರಲಾಗಿ ಒಂದು ಪೆಟ್ಟಿಗೆಯಲ್ಲಿ ಜೋಡಿಸಿಟ್ಟೆ.

ಅಷ್ಟರಲ್ಲಿ ಟೆಲಿಫೋನು. ಚರ್ಚಿನ ಊಟದ ಉಸ್ತುವಾರಿ ಆರ್ಡಿತ್.

"ಡೆಲ್ಬರ್ಟ್, ಅಂದ್ಕೊಂಡಿದ್ದಕ್ಕಿಂತ ಜನ ಜಾಸ್ತಿ. ಇಪ್ಪತ್ತು ಇಪ್ಪತ್ತೈದು ತಟ್ಟೆ ಇದ್ರೆ ಕೊಡಪ್ಪ."

"ಮೆಲಮೈನ್ ಇದೆ, ಆರ್ಡಿತಕ್ಕ. ಅಡುಗೆಮನೆ ಮೇಜಿನ ಮೇಲೆ ಪೆಟ್ಟಿಗೇಲಿ ಇಟ್ಟಿರ್ತೀನಿ. ಬಂದು ಎತ್ಕೊಂಡು ಹೋಗಿ."

ಮೆಲಮೈನ್ ತಟ್ಟೆಗಳನ್ನು ಇನ್ನೊಂದು ಪೆಟ್ಟಿಗೆಗೆ ತುಂಬಿ ಅದರ ಪಕ್ಕದಲ್ಲೇ ಇಟ್ಟು, ಟೈ ಕಟ್ಟಿಕೊಳ್ಳಲು ಮಹಡಿಗೆ ಹೋದೆ. ನಮ್ಮೂರಿನಲ್ಲಿ ಹಿತ್ತಲ ಬಾಗಿಲಿಗೆ ಬೀಗವಿಲ್ಲ. ಕೆಳಗಿನಿಂದ ಆರ್ಡಿತಳ ದನಿ ಕೇಳಿತು. "ತಗೊಂಡೆ ಕಣೋ!"

"ತಗೊಳ್ಳಿ, ತಗೊಳ್ಳಿ!" ಎಂದು ಕನ್ನಡಿಯ ಮುಂದಿನಿಂದ ಧಾರಾಳವಾಗಿ ಕೂಗಿದೆ.

ಆರ್ಡಿತಳ ತಪ್ಪಿಲ್ಲ. ಐವತ್ತು ವರ್ಷದಿಂದ ಚರ್ಚಿನ ಊಟ ಬಡಿಸುವವಳು ಅವಳು. ಮೇಜಿನ ಮೇಲೆ ಎರಡು ಪೆಟ್ಟಿಗೆ. ಒಂದರಲ್ಲಿ ಅನಾಮಧೇಯ ತಟ್ಟೆಗಳು. ಇನ್ನೊಂದರಲ್ಲಿ ಹೊಚ್ಚ ಹೊಸ ಅಂಟುಪಟ್ಟಿಯ ಮೇಲೆ ಮನೆತನದ ಹೆಸರು ಹೊತ್ತು, ಬೆನ್ನು ತೋರಿಸಿಕೊಂಡು ಸಿದ್ಧವಾಗಿ ನಿಂತ ತಟ್ಟೆಗಳು. ಚರ್ಚಿಗೆ ಹೊರಟವು ಯಾವುವು ಎಂದು ಹಾರ್ಲನ್‌ಬರ್ಗಿನ ಎಳೆಗೂಸೂ ಹೇಳಬಲ್ಲದು.

ಹನ್ನೊಂದಕ್ಕೆ ಸರಿಯಾಗಿ ಮನೆಯ ಮುಂದೆ ಕಾರು ನಿಂತಿತು. ಶ್ರೀಮತಿ ಕಾರ್ಡೀಲಿಯಾ ಥ್ರಾಕ್‌ಮಾರ್ಟನ್ ಇಳಿದರು. (ಆ ಹೆಸರನ್ನು ಪೂರ್ತಿ ಹೇಳುವವನು ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳಬೇಕು.) ಕೈಗೆ ಬಿಳಿ ಕೈಚೀಲ, ಬಿಳಿ ಗ್ಲೌಸು, ಮುಖದಲ್ಲಿ ಕೇಂದ್ರ ಕಚೇರಿ. ನನ್ನನ್ನು ನೋಡಿ, "ಇವರು?" ಎಂದರು.

"ನಮ್ಮನೆಯವ್ರು," ಎಂದಳು ವರ್ಲೀನ್.

"ಹಾಂ," ಎಂದು ಅವರು ಏನನ್ನೋ ಬರೆದುಕೊಂಡರು.

ಮುಂದಿನ ಇಪ್ಪತ್ತು ನಿಮಿಷ ನನ್ನ ಹೆಂಡತಿಯನ್ನು ನೀವು ನೋಡಬೇಕಿತ್ತು. ಅಲ್ಮೈರಾಳ ಒಂಟಿ ಗ್ಲೌಸು, ಸುತ್ತಿಗೆಯೇಟಿಗೂ ಜಗ್ಗದಂತೆ ಕಲ್ಲಾಗಿರುವ 1911ರ ಮದುವೆಯ ಕೇಕಿನ ತುಣುಕು, ಯುದ್ಧದ ವರ್ಷ ಸಕ್ಕರೆಯಿಲ್ಲದೆ ಚಹಾ ಕುಡಿದ ಕಪ್ಪುಗಳು, ಒಂದೊಂದರ ಹಿಂದೆಯೂ ಒಬ್ಬೊಬ್ಬ ಹುಡುಗಿಯನ್ನು ಅವಳು ಎದ್ದು ನಿಲ್ಲಿಸಿದಳು. ನಾನು ಆ ಕೋಣೆಯನ್ನು ಸಾವಿರ ಸಲ ಗುಡಿಸಿದ್ದೇನೆ. ಅಲ್ಲಿ ಅಷ್ಟು ಜನ ಇದ್ದಾರೆಂದು ನನಗೇ ಗೊತ್ತಿರಲಿಲ್ಲ. ಎದೆ ಉಬ್ಬಿ ಅಂಗಿಯ ಗುಂಡಿಯೊಂದು ಹಾರಿ ಹೋಯಿತು. (ನಾಲ್ಕಾಣೆ ಕಳೆಯಿರಿ.)

"ಚೆನ್ನಾಗಿದೆ," ಎಂದರು ಶ್ರೀಮತಿ ಥ್ರಾಕ್‌ಮಾರ್ಟನ್. "ಈಗ ಸುವರ್ಣೋತ್ಸವದ ತಟ್ಟೆಗಳು. ಇಪ್ಪತ್ತೈದರಲ್ಲಿ ಒಂದು ಈಗಾಗ್ಲೇ ಕಾಣೆ ಅಂತ ಕಡತದಲ್ಲಿದೆ."

ವರ್ಲೀನ್ ಮೂರನೇ ಬೀರುವಿನ ಬಾಗಿಲು ತೆಗೆದಳು. ಬೀರು ನನ್ನ ತಲೆಯಷ್ಟೇ ಖಾಲಿಯಾಗಿತ್ತು.

"ಡೆಲ್ಬರ್ಟ್ ಯೂಜೀನ್ ಹಾಸ್ಕಿನ್ಸ್."

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಮೂರೂ ತುಂಡು ಸೇರಿಸಿ ಕರೆದರೆ ಹೊಲದಲ್ಲಿ ಮೇಯುವ ದನ ಕೂಡ ಮೇವು ಬಿಟ್ಟು ತಲೆ ಎತ್ತುತ್ತದೆ.

"ಅಯ್ಯೋ, ಅಡುಗೆಮನೇಲಿದೆ ಕಣೇ. ಗುರುತು ಹಾಕ್ತಿದ್ದೆ, ಅಷ್ಟೆ," ಎಂದು ನಗುತ್ತ ಹೋಗಿ ಪೆಟ್ಟಿಗೆ ತೆರೆದೆ. ಹಳದಿ ಮೆಲಮೈನ್ ತಟ್ಟೆಗಳು ನನ್ನನ್ನು ನೋಡಿ ಹಲ್ಲು ಕಿರಿದವು.

ಚರ್ಚಿಗೆ ಹೋದದ್ದು ಶ್ರೀಮತಿ ಥ್ರಾಕ್‌ಮಾರ್ಟನ್ನರ ಕಾರಿನಲ್ಲೇ. ನೆಲಮಾಳಿಗೆಯ ಮೆಟ್ಟಿಲಿಳಿದರೆ, ಉದ್ದ ಮೇಜುಗಳ ಸುತ್ತ ಕಪ್ಪು ಬಟ್ಟೆಯ ಜನ. ಅವರಲ್ಲಿ ಇಪ್ಪತ್ತಮೂರು ಮಂದಿಯ ಮುಂದೆ ಬಂಗಾರದ ಗೆರೆ ಮಿನುಗುತ್ತಿತ್ತು. ಐವತ್ತು ವರ್ಷ ಗಾಳಿಯೂ ಸೋಕದಂತೆ ಸಾಕಿದ ತಟ್ಟೆಗಳ ಮೇಲೆ ಹ್ಯಾಮ್, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್ ತುರಿ ಹುದುಗಿದ ಹಸಿರು ಜೆಲ್ಲಿ. ಟ್ರಾಕ್ಟರ್ ರಿಪೇರಿಯವನೊಬ್ಬ ಸ್ಥಾಪಕಿಯರ ಅಟ್ಟದ ಮೇಲೆ ಚಾಕು ಆಡಿಸುತ್ತಿದ್ದ.

ವರ್ಲೀನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಸಿದುಕೊಳ್ಳುವಂತಿಲ್ಲ. ನಮ್ಮ ಜನ ಏನನ್ನಾದರೂ ಕ್ಷಮಿಸುತ್ತಾರೆ, ಸಾವಿನ ಊಟಕ್ಕೆ ಕೂತವರನ್ನು ಅವಸರಪಡಿಸಿದವರನ್ನು ಕ್ಷಮಿಸುವುದಿಲ್ಲ.

"ಬಾರೇ ವರ್ಲೀನ್! ಇವ್ರು ನಿಮ್ಮ ನೆಂಟ್ರಾ? ಕೂತ್ಕೊಳಿ ತಾಯಿ, ಒಂದು ತಟ್ಟೆ ಉಳಿದಿದೆ," ಎಂದು ಆರ್ಡಿತ್ ಶ್ರೀಮತಿ ಥ್ರಾಕ್‌ಮಾರ್ಟನ್ನರ ಹೆಗಲು ಅದುಮಿ ಕೂರಿಸಿಯೇಬಿಟ್ಟಳು.

"ನಾನು ಊಟಕ್ಕೆ ಬಂದವಳಲ್ಲ."

"ಯಾರೂ ಊಟಕ್ಕೆ ಅಂತ ಬಂದಿಲ್ಲ, ಎಮ್ಮೆಟ್‌ಗೋಸ್ಕರ ಬಂದಿರೋದು. ತಿನ್ನಿ."

ಅವರ ಬಿಳಿ ಗ್ಲೌಸಿನ ಕೈಗೆ ಇಪ್ಪತ್ತನಾಲ್ಕನೆಯ ತಟ್ಟೆ ಬಂತು, ಹ್ಯಾಮ್ ಸಮೇತ. ಆರ್ಡಿತಳಿಗೆ ಎದುರಾಡಿ ಗೆದ್ದವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಕೇಂದ್ರ ಕಚೇರಿ ಗ್ಲೌಸು ಕಳಚಿ ತಿನ್ನತೊಡಗಿತು.

ವರ್ಲೀನ್ ಕೋಟು ಬಿಚ್ಚಿ, ಮೂಲೆಯ ತೊಟ್ಟಿಯಲ್ಲಿ ಬಿಸಿನೀರು ತುಂಬಿ, ಗೋಡೆಗೆ ಮುಖ ಮಾಡಿ ನಿಂತಳು. "ಮುಗಿಸಿದವರದ್ದು ಒಂದೊಂದೇ ತನ್ನಿ. ಒಂದೊಂದೇ! ಬೇರೆ ಯಾರೂ ತೊಳೀಬಾರ್ದು," ಎಂದಳು. ನಾನು ಮೇಜಿನಿಂದ ಮೇಜಿಗೆ ಹದ್ದಿನಂತೆ ಸುತ್ತಿದೆ. ನಾನು ಹತ್ತಿರ ಬಂದಷ್ಟೂ ಜನ ಸೌಜನ್ಯಕ್ಕೆಂದು ಇನ್ನಷ್ಟು ಬಡಿಸಿಕೊಳ್ಳುತ್ತಿದ್ದರು. ಟ್ರಾಕ್ಟರಿನವನು ಮೂರನೇ ಸಲ ಆಲೂಗಡ್ಡೆಗೆ ಕೈ ಚಾಚಿದಾಗ ನನ್ನ ಆಯುಷ್ಯದಲ್ಲಿ ಎರಡು ವರ್ಷ ಕಳೆದವು. ಹಾಗೂ ಹೀಗೂ ಇಪ್ಪತ್ತೆರಡು ತಟ್ಟೆಗಳು ತೊಟ್ಟಿ ಸೇರಿದವು. ಉಳಿದದ್ದು ಎರಡು: ಒಂದು ಎಮ್ಮೆಟನ ಹೆಂಡತಿ ಹೆಸ್ಟರಳದು, ಇನ್ನೊಂದು ಶ್ರೀಮತಿ ಥ್ರಾಕ್‌ಮಾರ್ಟನ್ನರದು.

ಹೆಸ್ಟರ್ ಏನೂ ತಿಂದಿರಲಿಲ್ಲ. ಆಲೂಗಡ್ಡೆಯನ್ನು ಫೋರ್ಕಿನಿಂದ ಪಕ್ಕಕ್ಕೆ ಸರಿಸಿ, ಕೆಳಗಿನ ಚಿತ್ರವನ್ನೇ ನೋಡುತ್ತಿದ್ದಳು. ನಾನು ಮೆಲ್ಲಗೆ, "ಹೆಸ್ಟರ್, ಇದನ್ನ ತಗೊಳ್ಲಾ?" ಎಂದೆ. ಆಗಲಿ ಎಂಬಂತೆ ತಲೆಯಾಡಿಸಿದಳು. ಅವಳ ತಟ್ಟೆ ನನ್ನ ಕೈಗೆ ಬಂದ ಗಳಿಗೆಯಲ್ಲೇ ಆ ಕಡೆ ಶ್ರೀಮತಿ ಥ್ರಾಕ್‌ಮಾರ್ಟನ್ ತಮ್ಮ ಖಾಲಿ ತಟ್ಟೆಯನ್ನು ವೃತ್ತಿಯ ಅಭ್ಯಾಸದಿಂದ ಮಗುಚಿ ನೋಡಿದರು.

ಅವರ ದನಿ ನೆಲಮಾಳಿಗೆಯಲ್ಲಿ ಮೊಳಗಿತು. "ಹಾಸ್ಕಿನ್ಸ್! ಸಂಘದ ಆಸ್ತಿಗೆ ನಿಮ್ಮ ಮನೆ ಹೆಸರು ಅಂಟಿಸಿದೀರಾ? ಇದು ಯಾರ ಕೆಲಸ?"

ತೊಟ್ಟಿಯ ಮುಂದೆ ವರ್ಲೀನಳ ಬೆನ್ನು ಸೆಟೆಯಿತು. ಮೂವತ್ತೊಂದು ವರ್ಷದ ಅವಳ ಹೆಸರು ನನ್ನ ಒಂದು ಸುರುಳಿ ಅಂಟುಪಟ್ಟಿಯಿಂದ ಹೋಗುವುದರಲ್ಲಿತ್ತು. ನನ್ನಲ್ಲಿ ಎಲ್ಲಿತ್ತೋ ಆ ಪೌರುಷ! ಹೆಂಡತಿಗಾಗಿ ಗಂಡ ಎದೆಯೊಡ್ಡುವ ಮಹಾಕ್ಷಣ ಇದೇ ಎಂದುಕೊಂಡು, ಇಸ್ಕೂಲಿನಲ್ಲಿ ಎತ್ತುವ ಹಾಗೆ ಬಲಗೈ ಮೇಲೆತ್ತಿ, "ನಾನು! ನನ್ನದೇ ಕೆಲಸ!" ಎಂದು ಗರ್ಜಿಸಿದೆ.

ತಟ್ಟೆ ಇದ್ದದ್ದು ಬಲಗೈಯಲ್ಲಿ.

ಅದು ಮೇಲಕ್ಕೆ ಹೋಯಿತು, ತಿರುಗಿತು, ಬಂಗಾರದ ಗೆರೆಯನ್ನು ಒಮ್ಮೆ ಮಿಂಚಿಸಿತು, ಸಿಮೆಂಟಿನ ನೆಲ ಸೇರಿತು.

ವರ್ಲೀನ್, ಕೈ ನೀರಿನಲ್ಲಿದ್ದ ಹಾಗೆಯೇ, ಗೋಡೆ ನೋಡಿಕೊಂಡೇ, ಹಿಂತಿರುಗಿಯೂ ನೋಡದೆ ಹೇಳಿದಳು:

"ಹದಿನೇಳು."

ಶ್ರೀಮತಿ ಥ್ರಾಕ್‌ಮಾರ್ಟನ್ ಎದ್ದು ನಿಂತರು. "ಏನಂದ್ರಿ?"

"ಹದಿನೇಳನೇದು. ಅದರ ದನಿ ಸ್ವಲ್ಪ ಗೊಗ್ಗರು, ಅಂಚಲ್ಲಿ ಕೂದಲೆಳೆ ಬಿರುಕಿತ್ತು." ವರ್ಲೀನ್ ಕೈಯಲ್ಲಿದ್ದ ತಟ್ಟೆಯನ್ನು ಮತ್ತೆ ಉಜ್ಜತೊಡಗಿದಳು.

ಆಗ ಯಾರೋ ನಕ್ಕರು. ನೋಡಿದರೆ ಹೆಸ್ಟರ್! ಮೂರು ದಿನದಿಂದ ಒಂದು ಮಾತಾಡದವಳು, ಕರವಸ್ತ್ರ ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಳು.

"ಇದೇ ಸದ್ದು ಕಣ್ರೇ! ಇದೇ ಸದ್ದು! ಸುವರ್ಣೋತ್ಸವದ ಊಟಕ್ಕೆ ನಾನೂ ಕೂತಿದ್ದೆ, ಇಪ್ಪತ್ತು ವರ್ಷದ ಹುಡುಗಿ. ಬಡಿಸೋಕೆ ಕಾಲೇಜು ಹುಡುಗರನ್ನ ಇಟ್ಕೊಂಡಿದ್ರು, ಬಿಳಿ ಕೋಟು ಹಾಕಿಸಿ. ಅವರಲ್ಲೊಬ್ಬ ನನ್ನನ್ನೇ ನೋಡ್ಕೊಂಡು ಬಂದು ತಟ್ಟೆ ಕೆಳಗೆ ಹಾಕ್ದ. ಚೂರುಗಳನ್ನ ನಾನೇ ಮಡಿಲಲ್ಲಿ ಬಚ್ಚಿಟ್ಕೊಂಡೆ, ಪಾಪ, ಕೆಲಸ ಕಳ್ಕೋತಾನೆ ಅಂತ. ಆಮೇಲೆ ಥ್ಯಾಂಕ್ಸ್ ಹೇಳೋಕೆ ಬಂದು ಈ ಚಿತ್ರದಲ್ಲಿರೋ ಮೆಟ್ಟಿಲ ಮೇಲೆ ನಿಂತಿದ್ದ." ಅವಳು ನೆಲದ ಮೇಲಿನ ನೀಲಿ ಚೂರೊಂದನ್ನು ತೋರಿಸಿದಳು. "ಈ ಮೂರನೇ ಕಂಬದ ಹತ್ರ. ನಮ್ಮ ಎಮ್ಮೆಟ್."

ವರ್ಲೀನ್ ಈಗ ಹಿಂತಿರುಗಿದಳು. ಕೈಯಿಂದ ಸಾಬೂನು ನೀರು ತೊಟ್ಟಿಕ್ಕುತ್ತಿತ್ತು. "ಇಪ್ಪತ್ತೈದನೇ ತಟ್ಟೆ," ಎಂದಳು. "ಹೆಸ್ಟರ್, ಆ ಚೂರುಗಳು..."

"ನನ್ನ ಹೊಲಿಗೆ ಡಬ್ಬೀಲಿ ಇವೆಯಲ್ಲೇ. ನೀನು ಕೇಳಿದ್ದು ತಟ್ಟೆ ಎಲ್ಲಿ ಅಂತ. ಚೂರು ಎಲ್ಲಿ ಅಂತ ಯಾರೂ ಕೇಳ್ಲಿಲ್ಲ."

ಶ್ರೀಮತಿ ಥ್ರಾಕ್‌ಮಾರ್ಟನ್ ತಮ್ಮ ತಟ್ಟೆ ಹಿಡಿದು ತೊಟ್ಟಿಯ ಬಳಿ ಹೋದರು, ಒಣ ಬಟ್ಟೆಯೊಂದನ್ನು ಎತ್ತಿಕೊಂಡು ತಟ್ಟೆ ಒರೆಸಲು ನಿಂತರು. "ನಮ್ಮ ಉಕ್ಕಿನ ಕೋಣೇಲಿ ನಾನೂರು ತಟ್ಟೆ ಇದೆ," ಎಂದರು. "ಅಷ್ಟನ್ನೂ ಒಟ್ಟಿಗೆ ಒಡೆದ್ರೂ ಯಾವುದು ಯಾವುದು ಅಂತ ಹೇಳೋರು ಒಬ್ರೂ ಇಲ್ಲ. ಸಂಗ್ರಹ ಇಲ್ಲೇ ಇರಲಿ, ವರ್ಲೀನ್."

ನನ್ನ ಹೆಂಡತಿ ಅತ್ತಳು, ನಾನೂ ಅತ್ತೆ, ಆರ್ಡಿತ್ ಎಲ್ಲರಿಗೂ ಇನ್ನೊಂದು ಸುತ್ತು ಜೆಲ್ಲಿ ಬಡಿಸಿದಳು, ಈ ಸಲ ಕಾಗದದ ತಟ್ಟೆಯಲ್ಲಿ.

"ಆದ್ರೆ ಒಂದು ಷರತ್ತು," ಎಂದರು ಶ್ರೀಮತಿ ಥ್ರಾಕ್‌ಮಾರ್ಟನ್, ನನ್ನ ಕಡೆ ತಿರುಗಿ. "ಮನೆಯಲ್ಲಿ ಅಪಾಯ ಏನಾದ್ರೂ ಇದೆಯಾ ಅಂತ ಬರೆಯೋಕೆ ಒಂದು ಖಾನೆ ಇದೆ. ಇವರನ್ನ ನೋಡಿದಾಗಲೇ ಬರ್ಕೊಂಡಿದ್ದೆ. ಬೀರುಗಳಿಂದ ಇವರು ಆರಡಿ ದೂರ ಇರಬೇಕು."

ಆರಡಿಯ ಗೆರೆಯನ್ನು ನೆಲದ ಮೇಲೆ ಹಾಕಿದವನು ನಾನೇ, ಕ್ಲೈಡ್ ಹೊಸದಾಗಿ ತರಿಸಿದ ಅಂಟುಪಟ್ಟಿಯಿಂದ. ನಮ್ಮ ಊಟದ ಕೋಣೆ ಚಿಕ್ಕದು. ಮೂರು ಬೀರುಗಳಿಂದಲೂ ಆರಾರು ಅಡಿ ಅಳೆದಾಗ ನನ್ನ ಪಾಲಿಗೆ ಉಳಿದದ್ದು ಬಾಗಿಲ ಹೊಸ್ತಿಲು. ಹಜಾರದಿಂದ ಅಡುಗೆಮನೆಗೆ ಇರುವ ದಾರಿ ಆ ಕೋಣೆಯ ಮೂಲಕವೇ. ಅಂದಿನಿಂದ ಅಡುಗೆಮನೆಗೆ ಹೋಗಬೇಕಾದರೆ ನಾನು ಮನೆಯ ಹೊರಗಿನಿಂದ ಸುತ್ತಿ, ಹಿಮ ತುಳಿದು, ಹಿತ್ತಲ ಬಾಗಿಲಿನಿಂದ ಬರುತ್ತೇನೆ. ಕಾಫಿ ಕುಡಿಯಲು ಬೂಟು ಹಾಕಿಕೊಳ್ಳುವ ಗಂಡಸು ಇಂಡಿಯಾನದಲ್ಲಿ ನಾನೊಬ್ಬನೇ.

ಆದರೂ ನನಗೆ ದುಃಖವಿರಲಿಲ್ಲ. ಹದಿನೇಳನೆಯ ತಟ್ಟೆಯ ಚೂರುಗಳನ್ನು ವರ್ಲೀನ್ ಅಂಟಿಸಿ, ಹೆಸ್ಟರಳ ಚೂರುಗಳ ಪಕ್ಕದಲ್ಲೇ ಇಟ್ಟಿದ್ದಳು. ಎರಡರ ಮುಂದೆಯೂ ಚೀಟಿ ಬರೆದಿಡುವುದಾಗಿ, ದಫ್ತರದಲ್ಲೂ ನಮೂದಿಸುವುದಾಗಿ ಹೇಳಿದಳು. ನೂರು ವರ್ಷದಲ್ಲಿ ಮೊದಲ ಬಾರಿಗೆ ಆ ಚರಿತ್ರೆಯಲ್ಲಿ ಒಬ್ಬ ಗಂಡಸಿನ ಹೆಸರು! ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಸಂಗ್ರಹವನ್ನು ಜನರಿಗೆ ತೆರೆದ ಭಾನುವಾರ ಕ್ಲೈಡನನ್ನು ಕೈಹಿಡಿದು ಕರೆತಂದು ಹೊಸ್ತಿಲಲ್ಲಿ ನಿಂತೆ. ಕಾಲೇಜಿನ ಹುಡುಗಿಯರು, ಹಳೆಯ ಸೋದರಿಯರು, ಆರ್ಡಿತ್, ಹೆಸ್ಟರ್, ಕೋಣೆ ತುಂಬಿತ್ತು.

"ಹೋಗಿ ಓದಿ ಬಾ," ಎಂದೆ. "ಜೋರಾಗಿ ಓದು."

ಕ್ಲೈಡ್ ಕನ್ನಡಕ ಏರಿಸಿ ಓದಿದ. "'ಇಪ್ಪತ್ತೈದನೆಯ ತಟ್ಟೆ. 1928ರಲ್ಲಿ ಒಡೆಯಿತು. ಕಾರಣ: ಪ್ರೇಮ.'"

"ಅದಲ್ಲ, ಪಕ್ಕದ್ದು!"

"'ಹದಿನೇಳನೆಯ ತಟ್ಟೆ. 1978ರಲ್ಲಿ ಒಡೆಯಿತು. ಕಾರಣ: ಗಂಡ.'"

"ಆಮೇಲೆ?"

"ಆಮೇಲೆ ಏನಿಲ್ಲ. ಚುಕ್ಕೆ."

"ಹೆಸರು ಕಣಯ್ಯ, ಹೆಸರು! ವರ್ಲೀನ್, ನನ್ನ ಹೆಸರೆಲ್ಲೇ?"

"ಸ್ಥಾಪಕಿಯರ ನಿಯಮ ಅಲ್ವೇನ್ರಿ? ನಾನು ಮುರಿಯೋಕಾಗುತ್ತಾ?" ಎಂದಳು ವರ್ಲೀನ್, ಸಕ್ಕರೆಯಂಥ ದನಿಯಲ್ಲಿ. "ಎಮ್ಮೆಟ್ ಹೆಸರೂ ಹಾಕಿಲ್ಲ ನೋಡಿ."

ಕ್ಲೈಡ್ ಗದ್ದ ಕೆರೆದುಕೊಂಡ. "ಯಾವ ಗಂಡ ಅಂತ ಹೇಗೆ ಗೊತ್ತಾಗ್ಬೇಕು? ಊರಲ್ಲಿ ಮುನ್ನೂರು ಗಂಡಂದಿರಿದೀವಿ. ನಾನೇ ಒಡೆದಿದ್ದು ಅಂತ ನಾಳೆ ನಾನೂ ಹೇಳ್ಕೋಬಹುದು."

"ಒಡೆದವನು ನಾನು!" ಎಂದು ಕೂಗಿದೆ. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಎಲ್ಲರೂ ಕೇಳ್ಕೊಳ್ಳಿ, ನಾನೇ ಒಡೆದಿದ್ದು! ಬೇರೆ ಯಾರೂ ಒಡೆದಿಲ್ಲ! ಬೇಕಾದ್ರೆ ತಟ್ಟೆ ಹಿಂದೆ ನೋಡಿ, ನನ್ನ ಕೈಬರಹದಲ್ಲೇ ಇದೆ..." ಎನ್ನುತ್ತ ಸಾಕ್ಷಿ ತೋರಿಸಲು ಬಲಗೈ ಚಾಚಿ ಗೆರೆಯ ಮೇಲೆ ಒಂದು ಕಾಲಿಟ್ಟೆ.

"ಡೆಲ್ಬರ್ಟ್ ಯೂಜೀನ್ ಹಾಸ್ಕಿನ್ಸ್!"

ಕಾಲು ತಾನಾಗಿ ಹಿಂದಕ್ಕೆ ಬಂತು. ಹೊರಗಿನಿಂದ ಸುತ್ತಿ ಅಡುಗೆಮನೆಗೆ ಹ್ಯಾಪುಮೋರೆ ಹಾಕಿಕೊಂಡು ಹೊರಟೆ. ಹಿಂದಿನಿಂದ ಕಾಲೇಜಿನ ಹುಡುಗಿಯೊಬ್ಬಳು ಪಕ್ಕದವಳನ್ನು ಕೇಳುವುದು ಕಿವಿಗೆ ಬಿತ್ತು. "ಯಾರೇ ಆ ತಾತ?"

"ಅದೇ ಕಣೇ," ಎಂದಳು ಇನ್ನೊಬ್ಬಳು, ಚೀಟಿಯತ್ತ ಬೆರಳು ತೋರಿಸಿ. "ಕಾರಣ."